ಪಾಯಿಂಟಿನ ಸೀಟು, ಭಾನುವಾರದ ಗಂಟು

ಮಧುಗಿರಿಯಲ್ಲಿ ನನಗೆ ಪಾಯಿಂಟ್ ಮೇಡಂ ಅಂತ ಹೆಸರು. ಇಷ್ಟು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟದ್ದಕ್ಕೆ ಬಂದ ಹೆಸರೇನಲ್ಲ. ನನ್ನ ಯಜಮಾನರದು ಪೈಪು, ಮೋಟಾರಿನ ಅಂಗಡಿ. ಅಂಗಡಿಗೆ ಬರುವ ಮಾಲಿಗೆಲ್ಲ ನನ್ನ ಕ್ರೆಡಿಟ್ ಕಾರ್ಡು ಉಜ್ಜುವಂತೆ ಅವರನ್ನು ಪಳಗಿಸಿದ್ದೆ. ಆಮೇಲೆ ನೆಂಟರಿಷ್ಟರ ಸರದಿ. ಯಾರ ಮನೆಗೆ ಫ್ರಿಜ್ಜು ತಂದರೂ, ಯಾರ ಮಗಳಿಗೆ ಮದುವೆ ಸೀರೆ ತೆಗೆದರೂ, ಅಂಗಡಿಯವನ ಮುಂದೆ ಕಾರ್ಡು ಹಿಡಿದು ನಾನು ಹಾಜರ್. ಅವರು ನನ್ನ ಕೈಗೆ ನಗದು ಕೊಡುತ್ತಿದ್ದರು, ನನ್ನ ಖಾತೆಗೆ ಪಾಯಿಂಟು ಬೀಳುತ್ತಿತ್ತು. ಸ್ಟಾಫ್ ರೂಮಿನಲ್ಲಿ ಒಬ್ಬ ಮೇಷ್ಟ್ರು, "ಮೇಡಂ, ನಾನು ಸತ್ತಾಗ ಸೌದೆಗೂ ನಿಮ್ಮ ಕಾರ್ಡೇ ಉಜ್ಜಿ" ಅಂದಿದ್ದರು. ಆಗಲಿ ಸಾರ್, ಅದಕ್ಕೂ ಪಾಯಿಂಟು ಬರುತ್ತೆ ಅಂದೆ. ನಾಚಿಕೆಪಟ್ಟುಕೊಂಡರೆ ಬದುಕು ನಡೆಯುವುದಿಲ್ಲ.

ಹಾಗೆ ಕೂಡಿದ ಪಾಯಿಂಟುಗಳ ಮೇಲೆ ಮನೆಯಲ್ಲಿ ಜಗಳವೇ ಇತ್ತು. ಬ್ಯಾಂಕಿನವರು ಪಾಯಿಂಟಿಗೆ ಕೊಡುವ ಸಾಮಾನುಗಳ ಪಟ್ಟಿಯೊಂದಿದೆ. ಮಿಕ್ಸಿ, ಕುಕ್ಕರು, ಚಕ್ರದ ಸೂಟ್‌ಕೇಸು. ಯಜಮಾನರ ಕಣ್ಣು ಮಿಕ್ಸಿಯ ಮೇಲೆ ಬಿದ್ದಿತ್ತು.

"ಕಣ್ಣಿಗೆ ಕಾಣದ ಪಾಯಿಂಟ್ ಇಟ್ಕೊಂಡು ಏನ್ ಮಾಡ್ತೀಯೇ? ಮಿಕ್ಸಿ ತಗಂಡ್ರೆ ಚಟ್ನಿನಾದ್ರೂ ಆಗುತ್ತೆ" ಅನ್ನುತ್ತಿದ್ದರು.

ನಮ್ಮಪ್ಪ ಕುರಿ ಸಾಕಿದವರು. ಚಿಕ್ಕವಳಿದ್ದಾಗ ನನ್ನನ್ನು ಸಿರಾದ ಸಂತೆಗೆ ಕರೆದುಕೊಂಡು ಹೋಗುತ್ತಿದ್ದರು. ಕೊಳ್ಳುವವರು ಕುರಿಯ ಕೊಂಬು ನೋಡಿ ಮರುಳಾಗುವುದನ್ನು ತೋರಿಸಿ, "ಕೊಂಬು ನೋಡ್ಬ್ಯಾಡ ಕಣಮ್ಮ, ಬೆನ್ನು ಮುಟ್ಟಿ ನೋಡು" ಅನ್ನುತ್ತಿದ್ದರು. ಬೆನ್ನಿನ ಮೂಳೆ ಕೈಗೆ ಸಿಕ್ಕರೆ ಆ ಕುರಿಯಲ್ಲಿ ಮಾಂಸವಿಲ್ಲ. ಮಿಕ್ಸಿಯೂ ಅಂಥದ್ದೇ. ಪಟ್ಟಿಯಲ್ಲಿ ಚಿತ್ರ ಚೆನ್ನಾಗಿತ್ತು, ಆದರೆ ಅವರು ಕೇಳುತ್ತಿದ್ದ ಪಾಯಿಂಟಿಗೆ ವಿಮಾನದಲ್ಲಿ ದೆಹಲಿಗೆ ಹೋಗಬಹುದಿತ್ತು. ಅದೂ ಹಿಂದಿನ ಇಕ್ಕಟ್ಟಿನ ಸೀಟಲ್ಲ, ಸರಿಯಾದ ದಿನ ಹಿಡಿದರೆ ಮುಂದಿನ ಅಗಲ ಸೀಟು. ಆ ಸೀಟನ್ನು ದುಡ್ಡು ಕೊಟ್ಟು ಕೊಳ್ಳಲು ಹೋದರೆ, ಆ ದುಡ್ಡಿಗೆ ಅಂಥ ಹತ್ತು ಮಿಕ್ಸಿ ಬಂದಾವು. ಇದನ್ನು ಯಜಮಾನರಿಗೆ ಬೋರ್ಡಿನ ಮೇಲೆ ಬರೆದು ತೋರಿಸುವುದೊಂದು ಬಾಕಿ.

ನನಗೆ ಆ ಅಗಲ ಸೀಟೇ ಬೇಕಿತ್ತು. ದೊಡ್ಡಮ್ಮನಿಗಾಗಿ.

ನಮ್ಮಮ್ಮನ ಅಕ್ಕ ಪಾವಗಡದಲ್ಲಿ ಮಗ ಸೊಸೆ ಮೊಮ್ಮಕ್ಕಳ ಜೊತೆಯಲ್ಲಿದ್ದಾಳೆ. ಶಾಲೆಯ ಬಿಸಿಯೂಟಕ್ಕೆ ಅಡುಗೆ ಮಾಡಿ ನೂರಾರು ಮಕ್ಕಳ ಹೊಟ್ಟೆ ತುಂಬಿಸಿದವಳು. ಅಮ್ಮ ಹೋದ ಮೇಲೆ ನನ್ನ ತಲೆ ಬಾಚಿ ಜಡೆ ಹಾಕಿದವಳೂ ಅವಳೇ. ಆ ಕಡೆಯ ಬೋರಿನ ಫ್ಲೋರೈಡ್ ನೀರು ಕುಡಿದೂ ಕುಡಿದೂ ಅವಳ ಮೂಳೆ ಬಿಗಿದುಹೋಗಿದೆ, ಮಂಡಿ ಅರ್ಧಕ್ಕಿಂತ ಹೆಚ್ಚು ಮಡಚುವುದಿಲ್ಲ. ಬಸ್ಸಿನಲ್ಲಿ ಕೊನೆಯ ಉದ್ದ ಸೀಟಿನ ನಡುವೆ ಕೂತು ಕಾಲನ್ನು ಓಡಾಡುವ ದಾರಿಗೆ ಚಾಚುತ್ತಾಳೆ. ಅವಳ ತಂಗಿ, ನನ್ನ ಚಿಕ್ಕಮ್ಮ, ಗಂಡನ ಕೇಂದ್ರ ಸರ್ಕಾರದ ನೌಕರಿಯಿಂದಾಗಿ ದೆಹಲಿಗೆ ಹೋಗಿ ಅಲ್ಲಿಯೇ ನೆಲೆ ನಿಂತವಳು. ಎರಡು ವರ್ಷದಿಂದ ಅವಳಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅವಳು ಇತ್ತ ಬರುವ ಹಾಗಿಲ್ಲ. ಇವಳು ಎರಡು ರಾತ್ರಿ ರೈಲಿನಲ್ಲಿ ಕೂರುವ ಹಾಗಿಲ್ಲ. ಅಕ್ಕತಂಗಿ ಮುಖ ನೋಡಿ ಹನ್ನೊಂದು ವರ್ಷವಾಗಿತ್ತು. ಮುಂದಿನ ಸೀಟು ನನಗೆ ಶೋಕಿಯಲ್ಲ ಅಂತ ಯಜಮಾನರಿಗೂ ಒಳಗೊಳಗೆ ಗೊತ್ತಿತ್ತು.

ಅಷ್ಟರಲ್ಲಿ ಬ್ಯಾಂಕಿನಿಂದ ಸಂದೇಶ ಬಂತು. ಮೂರು ತಿಂಗಳೊಳಗೆ ಬಳಸದಿದ್ದರೆ ಪಾಯಿಂಟುಗಳು ರದ್ದು. ಹುಡುಕಾಟ ಶುರುಮಾಡಿದೆ. ದಿನಾ ಬೆಳಗ್ಗೆ ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲು, ಶಾಲೆಯ ಹುಣಸೆ ಮರದ ಕೆಳಗೆ ನಿಂತು ಫೋನು ತೆರೆಯುತ್ತಿದ್ದೆ. ಆ ಮರದಡಿ ನೆಟ್‌ವರ್ಕ್ ಚೆನ್ನಾಗಿ ಸಿಗುತ್ತದೆ. ಪಾಯಿಂಟಿಗೆ ಕೊಡುವ ಸೀಟು ವಿಮಾನಕ್ಕೆ ಎರಡೋ ಮೂರೋ ಇರುತ್ತವೆ. ಹಬ್ಬದ ಹಿಂದುಮುಂದು ಇರುವುದಿಲ್ಲ, ಶುಕ್ರವಾರ ಭಾನುವಾರ ಇರುವುದಿಲ್ಲ. ಇದ್ದದ್ದು ಸಂಜೆಗೆ ಮಾಯ, ಇಲ್ಲದ್ದು ಬೆಳಗ್ಗೆ ಪ್ರತ್ಯಕ್ಷ. ಇನ್ನೊಂದು ಮಾತು ಕಷ್ಟಪಟ್ಟು ಕಲಿತಿದ್ದೆ. ಬ್ಯಾಂಕಿನ ಪಾಯಿಂಟನ್ನು ವಿಮಾನದವರ ಖಾತೆಗೆ ಒಮ್ಮೆ ದಾಟಿಸಿದರೆ ಅದು ಹಿಂದಕ್ಕೆ ಬರುವುದಿಲ್ಲ. ಸೀಟು ಕಣ್ಣಿಗೆ ಬೀಳುವ ಮೊದಲೇ ದಾಟಿಸಿದವರು ಕೆಟ್ಟರು. ನನ್ನ ಸಹೋದ್ಯೋಗಿಯೊಬ್ಬರು ಹಾಗೆ ದಾಟಿಸಿ, ಬೇಕಾದ ದಿನದ ಸೀಟು ಸಿಗದೆ, ಕೊನೆಗೆ ಯಾವುದೋ ಗುರುತಿಲ್ಲದ ಊರಿಗೆ ಹೋಗಿ ಇಡ್ಲಿ ತಿಂದು ಬಂದಿದ್ದರು.

ಎರಡು ತಿಂಗಳು ಕಳೆಯಿತು. ಹಿಂದಿನ ಸೀಟು ಎಷ್ಟೋ ಸಲ ಕಂಡವು, ಮುಂದಿನವು ಒಂದೂ ಇಲ್ಲ. ಯಜಮಾನರು ಮತ್ತೆ ಮಿಕ್ಸಿಯ ಮಾತು ತೆಗೆದರು. ಆಗೊಂದು ಬೆಳಗ್ಗೆ ಎರಡು ಮುಂದಿನ ಸೀಟು, ಅಕ್ಕಪಕ್ಕದವು, ಬೆಳಗಿನ ಹನ್ನೊಂದು ಗಂಟೆಯ ವಿಮಾನದಲ್ಲಿ ಕಂಡುಬಿಟ್ಟವು. ವಾಪಸ್ ಬರುವ ದಿನಕ್ಕೂ ಮುಂದಿನದೊಂದು, ಹಿಂದಿನದೊಂದು. ಪ್ರಾರ್ಥನೆಯ ಗಂಟೆ ಹೊಡೆಯಿತು, ಮಕ್ಕಳು ಸಾಲಾಗಿ ನಿಂತರು, ನಾನು ಮರದ ಕೆಳಗೇ ನಿಂತು ಪಾಯಿಂಟು ದಾಟಿಸಿದೆ. ನಾಡಗೀತೆ ಮುಗಿಯುವಷ್ಟರಲ್ಲಿ ಸೀಟು ನಮ್ಮ ಹೆಸರಿಗಾಗಿತ್ತು. ತೆರಿಗೆ ಅಂತ ಒಂದಿಷ್ಟು ಕಟ್ಟಿದ್ದು ಬಿಟ್ಟರೆ ಉಳಿದದ್ದೆಲ್ಲ ಪಾಯಿಂಟು. ಆ ದಿನ ಹತ್ತನೇ ತರಗತಿಗೆ ಹೋಂವರ್ಕ್ ಕೊಡಲಿಲ್ಲ. ಮಕ್ಕಳು ಮೇಡಂಗೆ ಏನಾಯಿತೋ ಅಂತ ಗಾಬರಿಯಾದರು.

ಸಂಜೆ ಪಾವಗಡಕ್ಕೆ ಫೋನು ಮಾಡಿ ದೊಡ್ಡಮ್ಮನಿಗೆ ತಾರೀಕು ಹೇಳಿದೆ. ಅತ್ತಲಿಂದ ಗೋಡೆಯ ಕ್ಯಾಲೆಂಡರಿನ ಹಾಳೆ ತಿರುವಿದ ಸದ್ದು.

"ಅವತ್ತು ಅಮಾಸೆ ಕಣೇ."

ಸೀಟು ನೋಡಿದ್ದೆ, ಪಾಯಿಂಟು ನೋಡಿದ್ದೆ, ತೆರಿಗೆ ನೋಡಿದ್ದೆ. ತಿಥಿ ನೋಡಿರಲಿಲ್ಲ.

"ಅದೂ ಮಂಗಳವಾರ" ಅಂದಳು ದೊಡ್ಡಮ್ಮ. "ಮಂಗಳವಾರ ಬಡಗಲಾಗೆ ಶೂಲೆ, ಆ ದಿಕ್ಕಿಗೆ ಹೊರಡಬಾರ್ದು. ದಿಲ್ಲಿ ಬಡಗಲಾಗಲ್ವಾ ಇರೋದು? ಕಾಯಿಲೆ ಮನುಸ್ಯರ್ನ ನೋಡಾಕೆ ಅಮಾಸೆ ದಿನ ಶೂಲೆಗೆ ಎದುರಾಗಿ ಹೆಂಗೆ ಹೋಗೋದು? ಅವಳಿಗೇನಾದ್ರೂ ಆದ್ರೆ?"

ಆ ಸೀಟು ಯಾಕೆ ಖಾಲಿ ಬಿದ್ದಿದ್ದವು ಅಂತ ನನಗೆ ಆಗ ಹೊಳೆಯಿತು. ನಮ್ಮವರಂಥವರೇ ಯಾರೋ ಬೇಡ ಅಂದಿರಬೇಕು. ಬೇರೆ ದಿನಕ್ಕೆ ಬದಲಾಯಿಸಲು ನೋಡಿದೆ, ಬೇರೆ ದಿನವೇ ಇರಲಿಲ್ಲ. ದೊಡ್ಡಮ್ಮನಿಗೆ ಬೈದೆ, ಬೇಡಿಕೊಂಡೆ, ವಿಜ್ಞಾನ ಹೇಳಿದೆ. ಅವಳು ತನಗಾಗಿ ಹೆದರುತ್ತಿರಲಿಲ್ಲ, ತಂಗಿಗಾಗಿ ಹೆದರುತ್ತಿದ್ದಳು. ಅದಕ್ಕೆ ವಿಜ್ಞಾನದಲ್ಲಿ ಉತ್ತರವಿಲ್ಲ. ಮೂರನೆಯ ದಿನ ಅವಳೇ ಫೋನು ಮಾಡಿದಳು.

"ಪರಸ್ತಾನ ಇಟ್ರೆ ಆಗುತ್ತಂತೆ."

ನಮ್ಮ ಅಜ್ಜಿಯ ಕಾಲದಲ್ಲಿ ನಡೆಯುತ್ತಿದ್ದದ್ದು ಇದು. ಹೊರಡಲೇಬೇಕಾದ ದಿನ ಕೆಟ್ಟದ್ದಿದ್ದರೆ, ಅದಕ್ಕೆ ಮೊದಲು ಒಂದು ಒಳ್ಳೆಯ ದಿನ ನೋಡಿ, ಹೋಗುವವರದ್ದೊಂದು ಗಂಟನ್ನು ದಾರಿಯಲ್ಲಿರುವ ಇನ್ನೊಬ್ಬರ ಮನೆಗೆ ಮುಂದಾಗಿ ಕಳಿಸಿಬಿಡುತ್ತಿದ್ದರು. ಗಂಟು ಹೊರಟರೆ ಮನುಷ್ಯರು ಹೊರಟಂತೆಯೇ ಲೆಕ್ಕ. ಆಮೇಲೆ ಎಂಥ ಕೆಟ್ಟ ದಿನ ಮನೆ ಬಿಟ್ಟರೂ ಅದು ಪ್ರಯಾಣದ ನಡುವಿನ ದಿನ, ಹೊರಟ ದಿನವಲ್ಲ. ಇಂಥ ಉಪಾಯ ಕಂಡುಹಿಡಿದವರು ಕ್ರೆಡಿಟ್ ಕಾರ್ಡಿನ ನಿಯಮಗಳನ್ನು ನನಗಿಂತ ಚೆನ್ನಾಗಿ ಅರೆದು ಕುಡಿಯುತ್ತಿದ್ದರು.

ದೊಡ್ಡಮ್ಮ ಒಂದು ವಾರ ಮೊದಲೇ ಮಧುಗಿರಿಗೆ ನಮ್ಮ ಮನೆಗೆ ಬಂದಳು. ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ನಾವು ಹೋಗುವುದು ಕೊರಟಗೆರೆ, ದೊಡ್ಡಬಳ್ಳಾಪುರದ ಮೇಲೆ. ಕೊರಟಗೆರೆಯಲ್ಲಿ ನನ್ನ ನಾದಿನಿಯ ಮನೆಯಿದೆ. ಭಾನುವಾರ ದಿನ ಚೆನ್ನಾಗಿತ್ತು. ದೊಡ್ಡಮ್ಮ ಬಿಳಿ ಬಟ್ಟೆಯಲ್ಲಿ ಏನೇನೋ ಕಟ್ಟಿ, ಗಂಟಿಗೆ ಅರಿಶಿನ ಕುಂಕುಮ ಹಚ್ಚಿ ಕೊಟ್ಟಳು. ಯಜಮಾನರು ಬಸ್ಸಿನಲ್ಲಿ ಹೋಗಿ ತಂಗಿಯ ಕೈಗೆ ಒಪ್ಪಿಸಿ ಬಂದರು. ಮಂಗಳವಾರ ದಾರಿಯಲ್ಲಿ ಎತ್ತಿಕೊಂಡು ಮುಂದೆ ಹೋಗುವುದು ಅಂತ ಮಾತಾಗಿತ್ತು. ನಾನು ಗೆದ್ದೆ ಅಂದುಕೊಂಡೆ.

ಮಂಗಳವಾರ ಬೆಳಗ್ಗೆ ಆರೂವರೆಗೆ ಕಾರು ಹೊರಟಿತು. ಯಜಮಾನರು ಓಡಿಸುತ್ತಿದ್ದರು. ದೊಡ್ಡಮ್ಮ ಹಿಂದಿನ ಸೀಟಿನಲ್ಲಿ ಅಡ್ಡಡ್ಡ ಕಾಲು ಚಾಚಿ ಕೂತಿದ್ದಳು. ಮಧುಗಿರಿಯ ಬೆಟ್ಟ ಹಿಂದೆ ಬೀಳುವಾಗ ನಾನು ಮೇಷ್ಟ್ರ ಅಭ್ಯಾಸದಲ್ಲಿ ಒಂದೊಂದೇ ಕೇಳಿದೆ. ಮಾತ್ರೆ? ಇದೆ. ಸ್ವೆಟರು? ಇದೆ. ಆಧಾರ್ ಕಾರ್ಡು?

"ಅದು ಭಾನುವಾರಾನೇ ಹೋಯ್ತಲ್ಲಮ್ಮ" ಅಂದಳು.

"ಎಲ್ಲಿಗೆ ಹೋಯ್ತು?"

"ಗಂಟಿನಾಗೆ. ನಾನೇ ಹೊರಟಂಗಾಗ್ಬೇಕು ಅಂದ್ರೆ ನನ್ನ ಹೆಸರು, ನನ್ನ ಮೊಕ ಇರೋದು ಏನಾದ್ರೂ ಹೋಗ್ಬೇಕಲ್ಲ. ಬರೀ ಅಕ್ಕಿ ಅರಿಶಿನ ಕಟ್ಟಿದ್ರೆ ಯಾರ ಗಂಟೋ ಏನೋ."

ಯಜಮಾನರು ನಕ್ಕರು. ನನಗೂ ನಗು ಬಂತು. ಹೇಗೂ ಕೊರಟಗೆರೆಯಲ್ಲಿ ನಿಲ್ಲುವವರೇ ಇದ್ದೆವು.

ನಾದಿನಿಯ ಮನೆ ಮಹಡಿಯ ಮೇಲೆ. ನಾನು ಮೆಟ್ಟಿಲು ಹತ್ತಿ ನೋಡಿದರೆ ಬಾಗಿಲಿಗೆ ಬೀಗ. ಫೋನು ಮಾಡಿದರೆ ಸ್ವಿಚ್ ಆಫ್. ಕೆಳಗಿನ ಮನೆಯಾಕೆ ಹೊರಗೆ ಬಂದು, "ಅವರ ಯಜಮಾನರ ದೊಡ್ಡಪ್ಪ ಕಳ್ಳಂಬೆಳ್ಳದಾಗೆ ತೀರ್ಕಂಡ್ರಂತೆ. ಐದು ಗಂಟೆಗೇ ಹೊರಟೋದ್ರು" ಅಂದಳು. ಬೀಗದ ಕೈ ಅವರ ಹತ್ತಿರ. ಕಳ್ಳಂಬೆಳ್ಳಕ್ಕೆ ಹೋಗಿ ಬರುವಷ್ಟರಲ್ಲಿ ವಿಮಾನ ಹಾರಿರುತ್ತದೆ. ದೊಡ್ಡಮ್ಮನ ವೋಟಿನ ಕಾರ್ಡು ಪಾವಗಡದ ಟ್ರಂಕಿನಲ್ಲಿ. ಆಧಾರನ್ನು ಫೋನಿನಲ್ಲಿ ತೆಗೆಯೋಣ ಅಂದರೆ ಅದಕ್ಕೆ ಜೋಡಿಸಿದ ನಂಬರು ಎಂದೋ ತೀರಿಹೋದ ಅವಳ ಗಂಡನದು, ಆ ನಂಬರು ನಿಂತು ಎಷ್ಟೋ ಕಾಲವಾಗಿದೆ. ಬೀಗ ಒಡೆಯೋಣವೇ ಅಂತ ಯಜಮಾನರು ಕೇಳಿದರು. ಸಾವಾದ ಮನೆಯವರ ಬೀಗವನ್ನು ಅವರಿಲ್ಲದಾಗ ಒಡೆಯುವುದು ಹೇಗೆ?

ಕಾರಿಗೆ ಬಂದು ದೊಡ್ಡಮ್ಮನ ಮೇಲೆ ಹರಿಹಾಯ್ದೆ. ಎರಡು ತಿಂಗಳು ಮರದ ಕೆಳಗೆ ನಿಂತು ಕಾಲು ಸವೆಸಿದ್ದೇನೆ, ನಿನ್ನ ಅಮಾಸೆ, ನಿನ್ನ ಶೂಲೆ, ನಿನ್ನ ಗಂಟು ಎಲ್ಲ ಸೇರಿ ಮಣ್ಣುಪಾಲು ಮಾಡಿದವು, ಇನ್ನು ಜನ್ಮದಲ್ಲಿ ನಿನಗೆ ಇಂಥ ಸೀಟು ಸಿಗೋದಿಲ್ಲ ಅಂದೆ. ಇನ್ನೂ ಏನೇನೋ ಅಂದೆ, ಇಲ್ಲಿ ಬರೆಯಲಾರೆ.

ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು. "ಹೋಗ್ಲಿ ಬುಡಮ್ಮ" ಅಂದಳು. "ಫೋನಿನಾಗೇ ಮಾತಾಡ್ತೀವಿ. ಇಷ್ಟು ವರ್ಷ ಮಾತಾಡಿಲ್ವಾ? ನೀನು ಬ್ಯಾಸರ ಮಾಡ್ಕಬ್ಯಾಡ."

ಆ ಮಾತು ಕೇಳಿ ನನ್ನ ಕೋಪವೆಲ್ಲ ಇಳಿಯಿತು. ಬೈದದ್ದನ್ನು ನುಂಗಿಕೊಳ್ಳಲು ಆಗುವ ಹಾಗಿದ್ದರೆ ಅಲ್ಲೇ ನುಂಗುತ್ತಿದ್ದೆ.

ಯಜಮಾನರು ಕೈಚಾಚಿ ನನ್ನ ಫೋನು ಇಸಿದುಕೊಂಡರು. ಬೆಳಗಿನಿಂದ ವಾಟ್ಸಾಪಿಗೆ ಅಮಾವಾಸ್ಯೆಯ ಶುಭಾಶಯ, ದೇವರ ಚಿತ್ರ ಬಂದು ಬೀಳುತ್ತಿದ್ದವು, ನಾನು ಒಂದನ್ನೂ ತೆರೆದಿರಲಿಲ್ಲ. ಅವುಗಳ ನಡುವೆ ನಾದಿನಿಯ ಧ್ವನಿ ಸಂದೇಶವಿತ್ತು. ಬಸ್ಸಿನ ಗದ್ದಲದಲ್ಲಿ ಅವಳ ಮಾತು ಕೇಳಿಸಿತು.

"ಅತ್ತಿಗೆ, ಇಲ್ಲಿ ಇಂಗಾಗೋಗೈತೆ. ಸೂತಕದ ಮನೇಲಿ ಪರಸ್ತಾನದ ಗಂಟು ಇರಬಾರ್ದು. ವಾಪಸ್ ನಿಮ್ಮನೆಗೂ ಬರಬಾರ್ದು, ಮುಂದುಕ್ಕೇ ಹೋಗ್ಬೇಕು. ಸುದ್ದಿ ಬಂದ ತಕ್ಷಣ ಅದನ್ನ ಮುಟ್ದೆ, ಪಕ್ಕದ ಮನೆ ಹುಡುಗಿ ಕೈಲಿ ಎತ್ಸಿ, ದೊಡ್ಡಬಳ್ಳಾಪುರದ ಬಸ್ಸಿಗೆ ಹಾಕ್ಸಿದೀನಿ. ಕಂಡಕ್ಟರು ಗೊತ್ತಿರೋರು. ಅಲ್ಲಿ ಬಸ್ ಸ್ಟ್ಯಾಂಡ್ ಎದುರು ಹೂವಿನಂಗಡಿ ಅಮ್ಮನಿಗೆ ಕೊಡ್ತಾರೆ. ದಾರೀಲಿ ಇಸ್ಕೊಳ್ಳಿ. ನನ್ನ ಚಾರ್ಜು ಮುಗೀತಾ ಐತೆ."

ದೊಡ್ಡಮ್ಮ, "ನೋಡಮ್ಮ, ಒಳ್ಳೆ ಮನೆ ಹೆಣ್ಣುಮಗಳು" ಅಂದಳು. ಯಜಮಾನರು ಗಾಡಿಯನ್ನು ಎಂದೂ ಓಡಿಸದ ವೇಗದಲ್ಲಿ ಓಡಿಸಿದರು. ಅವರು ಯಾವಾಗಲೂ ಓಡಿಸುವ ವೇಗ ಟ್ರ್ಯಾಕ್ಟರಿನದು, ಆದ್ದರಿಂದ ಗಾಬರಿಯಾಗುವಂಥದ್ದೇನಿರಲಿಲ್ಲ.

ಆದರೂ ದೊಡ್ಡಬಳ್ಳಾಪುರ ಮುಟ್ಟುವವರೆಗೆ ನನ್ನ ಜೀವ ಕೈಯಲ್ಲಿತ್ತು. ಕಂಡಕ್ಟರು ಮರೆತಿದ್ದರೆ? ಹೂವಿನಂಗಡಿ ತೆರೆಯದಿದ್ದರೆ? ಅಂಗಡಿ ತೆರೆದಿತ್ತು, ಅಮಾವಾಸ್ಯೆಯ ಪೂಜೆಗೆ ಜನ ಮುತ್ತಿಕೊಂಡಿದ್ದರು. ಗಂಟು ಹಾರಗಳ ಸಾಲಿನಲ್ಲಿ ಮೊಳೆಗೆ ತೂಗುತ್ತಿತ್ತು. ಅದರ ಮೇಲೆ ಒಂದು ಮೊಳ ಸೇವಂತಿಗೆ ಬೇರೆ.

"ಹೊರಟ ಗಂಟನ್ನ ನೆಲಕ್ಕಿಡಬಾರ್ದು ಅಂತ ನೇತಾಕಿದ್ದೆ" ಅಂದಳು ಹೂವಿನಾಕೆ. ಹೂವಿಗೆ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. "ಯಾರನ್ನ ನೋಡಾಕೋಗ್ತಿದೀರ?"

ಕಾರಿನೊಳಗಿಂದ ದೊಡ್ಡಮ್ಮ, "ತಂಗಿನಮ್ಮ" ಅಂದಳು. ಹೂವಿನಾಕೆ ಇನ್ನೊಂದು ಮೊಳ ಹೂವು ಹರಿದು ಅವಳ ಮಡಿಲಿಗೆ ಹಾಕಿದಳು.

ವಿಮಾನ ನಿಲ್ದಾಣದ ಬಾಗಿಲಲ್ಲಿ ಗಂಟು ಬಿಚ್ಚಿದೆವು. ಹಿಡಿ ಅಕ್ಕಿ, ಅರಿಶಿನದ ಕೊಂಬು, ಅಡಿಕೆ, ಅವುಗಳ ನಡುವೆ ಆಧಾರ್ ಕಾರ್ಡು. ದೊಡ್ಡಮ್ಮನ ಫೋಟೋದ ಹಣೆಯ ಮೇಲೆ ಕುಂಕುಮ ಸರಿಯಾಗಿ ಬೊಟ್ಟಿನ ಜಾಗಕ್ಕೇ ಮೆತ್ತಿತ್ತು. ಬಂದೂಕಿನ ಜವಾನ ಕಾರ್ಡನ್ನು ಬೆರಳಿನಿಂದ ಒರೆಸಿ, ಫೋಟೋ ನೋಡಿ, ಅವಳನ್ನು ನೋಡಿ, ಬೆರಳನ್ನು ತನ್ನ ಹಣೆಗೆ ಒತ್ತಿಕೊಂಡು ಒಳಗೆ ಬಿಟ್ಟ. ಯಜಮಾನರು ಹೊರಗೆ ಕಂಬಿಯ ಹತ್ತಿರ ನಿಂತು, "ಮಿಕ್ಸಿನ ನಾನೇ ಕೊಂಡ್ಕತೀನಿ ಬುಡು" ಅಂದರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಸೋಲು ಒಪ್ಪಿಕೊಂಡದ್ದು ಅದೇ ಮೊದಲು. ನಾನು ಆ ಮಾತನ್ನು ಇನ್ನೊಂದು ಸಲ ಹೇಳಿಸಿಕೊಂಡು ಒಳಗೆ ಹೋದೆ.

ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಹೋಗುವಾಗ ದೊಡ್ಡಮ್ಮ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಆ ಕಡೆ ಈ ಕಡೆ ನೋಡುತ್ತಿದ್ದಳು. "ಮದ್ವೆ ಮೆರವಣಿಗೇಲೂ ನನ್ನ ಇಂಗೆ ಕೂರ್ಸಿರ್ಲಿಲ್ಲ ಕಣೇ" ಅಂದಳು. ವಿಮಾನದೊಳಗೆ ಎಲ್ಲರಿಗಿಂತ ಮೊದಲು ನಮ್ಮನ್ನೇ ಬಿಟ್ಟರು. ಮೊದಲ ಸಾಲು. ದೊಡ್ಡಮ್ಮ ಮೆಲ್ಲಗೆ ಕೂತು, ಅಭ್ಯಾಸದಂತೆ ಕಾಲಿಗೆ ಜಾಗ ಹುಡುಕಿದಳು. ಬಲಗಾಲು ಚಾಚಿದಳು, ಎದುರಿಗೆ ಏನೂ ತಗಲಲಿಲ್ಲ. ಎಡಗಾಲನ್ನೂ ಚಾಚಿದಳು. ಎರಡೂ ಕಾಲು ನೆಟ್ಟಗೆ ಚಾಚಿ, ನನ್ನ ಕಡೆ ತಿರುಗಿ ನೋಡಿದಳು. ನಾನು ಗೆದ್ದದ್ದು ಆ ಗಳಿಗೆಯಲ್ಲಿ. ಯಾವ ಪಾಯಿಂಟಿಗೆ ಯಾವ ಬೆಲೆ ಅಂತ ನನ್ನನ್ನು ಯಾರಾದರೂ ಕೇಳಿದರೆ ಈಗಲೂ ಆ ಎರಡು ಕಾಲನ್ನೇ ನೆನೆಯುತ್ತೇನೆ.

ಬಿಸಿ ಟವೆಲ್ಲು ಬಂತು, ಪಿಂಗಾಣಿ ತಟ್ಟೆಯಲ್ಲಿ ಊಟ ಬಂತು. ದೊಡ್ಡಮ್ಮ ತಗ್ಗಿದ ದನಿಯಲ್ಲಿ, "ಇದಕ್ಕೆ ಬೇರೆ ಕೊಡ್ಬೇಕಾ?" ಅಂದಳು. ಇಲ್ಲ, ಎಲ್ಲ ಸೇರಿದೆ ಅಂದೆ. ಆ ಬದಿಯಲ್ಲಿ ಕೋಟು ತೊಟ್ಟ ಹಿರಿಯರೊಬ್ಬರು ಕನ್ನಡದವರೇ. ದೊಡ್ಡಮ್ಮ ಅವರ ಕಡೆ ಬಾಗಿ, "ನಾವು ಪಾಯಿಂಟಿನಾಗೆ ಬಂದಿರೋದು. ನೀವು?" ಅಂತ ಕೇಳಿದಳು. ಅವರು ದುಡ್ಡು ಕೊಟ್ಟೆ ಅಂದರು. "ಪಾಪ" ಅಂದಳು. ದೆಹಲಿ ಬರುವಷ್ಟರಲ್ಲಿ ಆ ಪುಣ್ಯಾತ್ಮರು ನನ್ನಿಂದ ಪಾಯಿಂಟಿನ ಪಾಠ ಪೂರ್ತಿ ಹೇಳಿಸಿಕೊಂಡಿದ್ದರು.

ಚಿಕ್ಕಮ್ಮ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ತೋಳಿಗೆ ಬಿಳಿ ಪಟ್ಟಿ, ಸಣ್ಣಗಾಗಿದ್ದಳು. ಅಕ್ಕನನ್ನು ಕಂಡದ್ದೇ ಇಬ್ಬರ ಬಾಯಿಗೂ ಪಾವಗಡದ ತೆಲುಗು ಬಂದುಬಿಟ್ಟಿತು.

"ಅಕ್ಕಾ, ವಚ್ಚಿನಾವಾ?"

"ವಚ್ಚಿನಾನೇ" ಅಂದಳು ದೊಡ್ಡಮ್ಮ. ಬಂದೆ ಕಣೇ ಅಂತ.

ಅವರಿಗೆ ಅಪ್ಪಿಕೊಳ್ಳುವುದು ಗೊತ್ತಿಲ್ಲ. ದೊಡ್ಡಮ್ಮ ತಂಗಿಯ ಪಕ್ಕದಲ್ಲಿ ಕಾಲು ಚಾಚಿ ಕೂತು, ಗಂಟು ಬಿಚ್ಚಿ, ಹೋದ ಮನೆಯಲ್ಲಿ ಈ ಅಕ್ಕಿ ಬೇಯಿಸಬೇಕು ಅಂತ ಹೇಳಿ ಅವಳ ಮಡಿಲಿಗಿಟ್ಟಳು. ಚಿಕ್ಕಮ್ಮ ಅರಿಶಿನದ ಕೊಂಬನ್ನು ಎತ್ತಿ ಮೂಸಿದಳು, ಹೂವನ್ನು ಮುಡಿದುಕೊಂಡಳು. ಆಮೇಲೆ ಏನೋ ನೆನಪಾಗಿ ಅಕ್ಕನ ಮುಖ ನೋಡಿದಳು.

"ಇವತ್ತು ಅಮಾಸೆ, ಅದೂ ಮಂಗಳವಾರ. ಇಂಥ ದಿನ ನೀನು ಮನೆ ಬುಟ್ಟು ಹೊರಟ್ಯಾ?"

"ಇವತ್ತೆಲ್ಲಿ ಹೊರಟೆ" ಅಂದಳು ದೊಡ್ಡಮ್ಮ. "ನಿನ್ನ ಕೈಗೆ ಮೊದಲನೇ ಸಲ ಆ ಸೂಜಿ ಚುಚ್ಚಿದ್ರು ಅಂತ ಕೇಳಿದ ದಿನಾನೇ ಹೊರಟಿದ್ದೆ. ಸೀಟು ಸಿಕ್ಕಿದ್ದು ಇವತ್ತು."